ಬಾಣಂತಿ ಕೋಣೆಯ ಹೊರಗೆ ಇರುವವರಿಗೆ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬಂದಿತ್ತು. ಮೇಲೆ ಹೂವಿನ ಚಿತ್ರ, ಕೆಳಗೆ ದಪ್ಪ ಅಕ್ಷರ. ತಾಯಿ ದುಃಖದಲ್ಲಿದ್ದರೆ ಮಗುವಿನ ಮೆದುಳು ಸರಿಯಾಗಿ ಬೆಳೆಯುವುದಿಲ್ಲ ಅಂತ ವಿಜ್ಞಾನಿಗಳು ಹೇಳಿದ್ದಾರಂತೆ. ಆದ್ದರಿಂದ ತಾಯಂದಿರು ಯಾವಾಗಲೂ ನಗುತ್ತಾ ಇರಬೇಕಂತೆ. ಅತ್ತೆ, ದೊಡ್ಡಮ್ಮಂದಿರೆಲ್ಲ ಕೆಳಗೆ ಕೈಮುಗಿಯುವ ಚಿತ್ರ ಹಾಕಿದ್ದರು. ಅದೇ ಗುಂಪಿನಲ್ಲಿ ನನ್ನ ಚಿಕ್ಕಮ್ಮನ ಮಗಳೂ ಇದ್ದಾಳೆ. ಅವಳಿಗೆ ಆಗ ಎರಡು ತಿಂಗಳ ಮಗು. ರಾತ್ರಿ ಎಲ್ಲರೂ ಮಲಗಿದ ಮೇಲೆ ಫೋನ್ ಮಾಡಿದಳು. "ಅಕ್ಕಾ, ಒಂದು ಕೇಳ್ಲಾ? ನಾನು ದಿನಾ ಅಳ್ತೇನೆ. ಎಂತಕ್ಕೆ ಅಂತ ನಂಗೇ ಗೊತ್ತಾಗುದಿಲ್ಲ. ಮಗುವಿಗೆ ಎಂತಾದ್ರೂ ಆಗಿರ್ಬಹುದಾ?"

ನಾನು ಡಾಕ್ಟರ್ ಅಲ್ಲ. ಕೇರಳದ ಗಡಿಜಿಲ್ಲೆ ಕಾಸರಗೋಡಿನ ಬದಿಯಡ್ಕದ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ ಚಿಕ್ಕ ಮಕ್ಕಳ ಟೀಚರ್. ಮೂರೂವರೆ, ನಾಲ್ಕು ವರ್ಷದ ಮಕ್ಕಳು ನನ್ನ ಕೈಗೆ ಬರುತ್ತಾರೆ. ಕೆಲವರು ಬಂದ ದಿನವೇ ಸೆರಗು ಹಿಡಿದು ಎಳೆಯುತ್ತಾರೆ. ಕೆಲವರು ತಿಂಗಳಾದರೂ ಕಣ್ಣೆತ್ತಿ ನೋಡುವುದಿಲ್ಲ. ಅದಕ್ಕೆ ನೂರು ಕಾರಣ ಇರುತ್ತದೆ, ಎಷ್ಟೋ ಸಲ ಅದು ಮಗುವಿನ ಸ್ವಭಾವ ಅಷ್ಟೇ. ಆದರೂ ಮಕ್ಕಳ ಮನಸ್ಸು ಹೇಗೆ ಬೆಳೆಯುತ್ತದೆ ಅಂತ ಹುಡುಕಿ ಓದುವ ಅಭ್ಯಾಸ ಈ ಕೆಲಸದಿಂದ ಬಂತು. ಹಾಗಾಗಿ ಆ ರಾತ್ರಿ ತಂಗಿಗೆ ಹೇಳಲು ನನ್ನ ಹತ್ತಿರ ಸ್ವಲ್ಪ ಮಾತಿತ್ತು. ಹೆದರಬೇಡ, ನೀನು ಹೇಳಿದ್ದು ಒಳ್ಳೆಯದಾಯಿತು, ಇದಕ್ಕೆ ದಾರಿ ಉಂಟು ಅಂದೆ. ಫೋನ್ ಇಟ್ಟ ಮೇಲೆ ಆ ಸಂದೇಶದ ಮೇಲೆ ತುಂಬಾ ಸಿಟ್ಟು ಬಂತು. ಅದರಲ್ಲಿ ಇದ್ದದ್ದು ಪೂರ್ತಿ ಸುಳ್ಳೇನಲ್ಲ. ಆದರೆ ಅದನ್ನು ತಲುಪಿಸಬೇಕಾದ ಜನ ಬೇರೆ.

ಸಂಶೋಧನೆ ಏನು ಹೇಳುತ್ತದೆ ಅಂತ ಮೊದಲು ನೋಡೋಣ.

1970ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ ಒಂದು ಸಣ್ಣ ಪ್ರಯೋಗ ಮಾಡಿದರು. ಕೆಲವು ತಿಂಗಳ ಕೂಸನ್ನು ಅಮ್ಮನ ಎದುರು ಕೂರಿಸುತ್ತಾರೆ. ಮೊದಲು ಅಮ್ಮ ಎಂದಿನಂತೆ ಮಾತಾಡಿಸುತ್ತಾಳೆ, ಆಡಿಸುತ್ತಾಳೆ. ಆಮೇಲೆ ಒಂದೆರಡು ನಿಮಿಷ ಮುಖದಲ್ಲಿ ಯಾವ ಭಾವನೆಯೂ ಇಲ್ಲದೆ ಮಗುವನ್ನೇ ನೋಡುತ್ತಾ ಸುಮ್ನೆ ಕೂರುತ್ತಾಳೆ. ಮಗುವಿಗೆ ತಕ್ಷಣ ಗೊತ್ತಾಗುತ್ತದೆ. ಮೊದಲು ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ. ತನಗೆ ಗೊತ್ತಿರುವ ಆಟವನ್ನೆಲ್ಲ ಆಡಿ ಅಮ್ಮನನ್ನು ವಾಪಸ್ ಕರೆಯಲು ನೋಡುತ್ತದೆ. ಆಗದಿದ್ದಾಗ ಮುಖ ತಿರುಗಿಸುತ್ತದೆ, ಅಳುತ್ತದೆ. ಇದರ ವಿಡಿಯೋ ಅಂತರ್ಜಾಲದಲ್ಲಿ ಸಿಗುತ್ತದೆ. ನೋಡುವಾಗ ಹೊಟ್ಟೆ ಕಲಸಿದಂತೆ ಆಗುತ್ತದೆ.

ಜನ ಈ ಮಧ್ಯದ ಭಾಗವನ್ನೇ ಜಾಸ್ತಿ ಹೇಳುತ್ತಾರೆ. ಪ್ರಯೋಗಕ್ಕೆ ಮೂರನೇ ಭಾಗವೂ ಇದೆ. ಅಮ್ಮ ಮತ್ತೆ ನಗುತ್ತಾಳೆ, ಮಾತಾಡಿಸುತ್ತಾಳೆ. ಮಗು ಸ್ವಲ್ಪ ಹೊತ್ತು ಮುನಿಸಿಕೊಂಡು, ಮೆಲ್ಲ ಹಿಂದಕ್ಕೆ ಬರುತ್ತದೆ. ಟ್ರಾನಿಕ್ ಆಮೇಲೆ ವರ್ಷಗಟ್ಟಲೆ ತಾಯಿ ಮಕ್ಕಳನ್ನು ನೋಡುತ್ತಾ ಬಂದರು. ಆರೋಗ್ಯವಾಗಿರುವ ಅಮ್ಮ ಮತ್ತು ಮಗು ಕೂಡ ಮುಖಾಮುಖಿ ಆಟದಲ್ಲಿ ಒಬ್ಬರಿಗೊಬ್ಬರು ಸರಿಹೊಂದಿ ಇರುವುದು ಹೆಚ್ಚೆಂದರೆ ಮೂರರಲ್ಲಿ ಒಂದು ಪಾಲು ಸಮಯ ಅಂತ ಅವರಿಗೆ ಕಂಡಿತು. ಉಳಿದ ಹೊತ್ತು ತಾಳ ತಪ್ಪುತ್ತಲೇ ಇರುತ್ತದೆ. ಮಗು ನಗುವಾಗ ಅಮ್ಮ ಬೇರೆ ಕಡೆ ನೋಡುತ್ತಾಳೆ, ಅಮ್ಮ ಕರೆಯುವಾಗ ಮಗುವಿಗೆ ನಿದ್ದೆ ಬರುತ್ತದೆ. ತಪ್ಪಿದ ತಾಳವನ್ನು ಮತ್ತೆ ಹಿಡಿಯುವುದರಲ್ಲೇ ಮಗು ಕಲಿಯುವುದು. ಬೇಸರವಾದರೂ ಅದು ಕಳೆದುಹೋಗುತ್ತದೆ, ಕರೆದರೆ ಯಾರಾದರೂ ಬರುತ್ತಾರೆ ಎಂಬ ಧೈರ್ಯ ಅದಕ್ಕೆ ಅಲ್ಲಿಂದ ಬರುತ್ತದೆ. ಯಾವಾಗಲೂ ನಗುತ್ತಾ ಇರುವ ಅಮ್ಮ ಯಾವ ಮಗುವಿಗೂ ಬೇಕಾಗಿಲ್ಲ. ಅಂಥವಳು ಯಾರೂ ಇಲ್ಲ ಕೂಡ.

ಖಿನ್ನತೆ ಬಂದಾಗ ಕಷ್ಟವಾಗುವುದು ಈ ಮತ್ತೆ ಹಿಡಿಯುವ ಕೆಲಸವೇ. ಬ್ರಿಟನ್ನಿನ ಲಿನ್ ಮರ್ರೆ ಮತ್ತು ಅವರ ಜೊತೆಗಾರರು ಹೆರಿಗೆಯ ನಂತರ ಖಿನ್ನತೆಯಲ್ಲಿದ್ದ ತಾಯಂದಿರನ್ನೂ ಅವರ ಎರಡು ತಿಂಗಳ ಮಕ್ಕಳನ್ನೂ ಹತ್ತಿರದಿಂದ ನೋಡಿದರು. ಆ ಅಮ್ಮಂದಿರು ಮಗುವನ್ನು ಉಣಿಸುತ್ತಿದ್ದರು, ತೊಳೆಯುತ್ತಿದ್ದರು, ಎತ್ತಿಕೊಳ್ಳುತ್ತಿದ್ದರು. ಆದರೆ ಮಗು ಕೊಡುವ ಸಣ್ಣ ಸಣ್ಣ ಸೂಚನೆಗಳಿಗೆ ಅವರ ಮಾತು, ಮುಖ ಅಷ್ಟಾಗಿ ಓಗೊಡುತ್ತಿರಲಿಲ್ಲ. ಪ್ರೀತಿ ಇಲ್ಲ ಅಂತ ಅಲ್ಲ. ತಲೆಯೊಳಗೆ ಬೇರೆ ಏನೋ ಗದ್ದಲ ನಡೆಯುತ್ತಿರುವಾಗ ಎದುರಿಗಿರುವ ಮುಖ ಕಣ್ಣಿಗೆ ಬೀಳುವುದೇ ಕಷ್ಟ. ನನ್ನ ತಂಗಿ ಹೇಳಿದ್ದೂ ಇದನ್ನೇ. "ಅವ ನಗಾಡ್ತಾನೆ ಅಕ್ಕ. ನಂಗೆ ಕಾಣ್ತದೆ. ಆದ್ರೆ ಅದು ಎಲ್ಲೋ ದೂರದಲ್ಲಿ ಆಗ್ತಾ ಇರುವ ಹಾಗೆ."

ಮಗು ಹೊಟ್ಟೆಯಲ್ಲಿರುವಾಗಿನ ಕಥೆಯೂ ಇದೆ. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ 1991 ಮತ್ತು 1992ರಲ್ಲಿ ಹೆರಿಗೆಗೆ ಇದ್ದ 14,000ಕ್ಕೂ ಹೆಚ್ಚು ಬಸುರಿಯರನ್ನು ಸೇರಿಸಿಕೊಂಡು ಒಂದು ದೊಡ್ಡ ಅಧ್ಯಯನ ಶುರುವಾಯಿತು. ಅವರ ಮಕ್ಕಳನ್ನು ಇವತ್ತಿಗೂ ಅದು ಹಿಂಬಾಲಿಸುತ್ತಿದೆ. ಬಸುರಿನಲ್ಲಿ ತುಂಬಾ ಆತಂಕ ಪಟ್ಟಿದ್ದ ತಾಯಂದಿರ ಮಕ್ಕಳಿಗೆ ನಾಲ್ಕು ವರ್ಷವಾದಾಗ ನಡತೆ ಮತ್ತು ಭಾವನೆಗಳ ತೊಂದರೆ ಬರುವ ಸಾಧ್ಯತೆ ಹೆಚ್ಚು ಅಂತ ವಿವೆಟ್ ಗ್ಲೋವರ್ ಅವರಿದ್ದ ತಂಡ 2002ರಲ್ಲಿ ತೋರಿಸಿತು. ನಮ್ಮ ವಾಟ್ಸಾಪ್ ಸಂದೇಶಗಳ ಮೂಲ ಇಂಥ ಸುದ್ದಿಗಳೇ. ಆದರೆ ಅಷ್ಟು ಆತಂಕದಲ್ಲಿದ್ದ ತಾಯಂದಿರ ಮಕ್ಕಳಲ್ಲೂ ಬಹುಪಾಲು ಮಕ್ಕಳು ಚೆನ್ನಾಗಿಯೇ ಇದ್ದರು. ಆ ಮಾತನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಅದೇ ಬ್ರಿಸ್ಟಲ್ ಅಧ್ಯಯನದ ಇನ್ನೊಂದು ಫಲಿತಾಂಶ. ಅದು ಪ್ರಕಟವಾದದ್ದು 2018ರಲ್ಲಿ. ಸುಮಾರು 9,800 ತಾಯಂದಿರ ಮಾಹಿತಿ ನೋಡಿದರು. ಹೆರಿಗೆಯ ನಂತರದ ಖಿನ್ನತೆ ತೀವ್ರವಾಗಿದ್ದು, ತಿಂಗಳುಗಟ್ಟಲೆ ಹಾಗೇ ಉಳಿದುಕೊಂಡಿದ್ದ ಕಡೆಗಳಲ್ಲಿ ಮಕ್ಕಳಿಗೆ ತೊಂದರೆ ಎದ್ದು ಕಂಡಿತು. ಮೂರೂವರೆ ವರ್ಷದಲ್ಲಿ ನಡತೆಯ ತೊಂದರೆ, ಹದಿನಾರರಲ್ಲಿ ಗಣಿತದಲ್ಲಿ ಹಿಂದೆ ಬೀಳುವುದು, ಹದಿನೆಂಟರಲ್ಲಿ ಅವರಿಗೇ ಖಿನ್ನತೆ. ಬಂದು ಬೇಗ ವಾಸಿಯಾದ ಖಿನ್ನತೆಯ ಮನೆಗಳಲ್ಲಿ ಅಷ್ಟು ಕಾಣಲಿಲ್ಲ. ಅಂದರೆ ಅಮ್ಮ ಅತ್ತಳಾ ಇಲ್ಲವಾ ಎಂಬುದು ಅಷ್ಟು ದೊಡ್ಡ ಪ್ರಶ್ನೆಯೇ ಅಲ್ಲ. ಎಷ್ಟು ಕಾಲ ಯಾರೂ ಅವಳ ಹತ್ತಿರ ಬರದೆ ಹಾಗೇ ಬಿಟ್ಟರು ಎಂಬುದು ದೊಡ್ಡದು.

ಇನ್ನೊಂದು ಅಧ್ಯಯನ ಅಮೆರಿಕದ್ದು, 2006ರದ್ದು, ಮಿರ್ನಾ ವೈಸ್‌ಮನ್ ಮತ್ತು ಸಂಗಡಿಗರು ಮಾಡಿದ್ದು. ಅಲ್ಲಿನ ಮಕ್ಕಳು ದೊಡ್ಡವರು, ಏಳು ವರ್ಷ ದಾಟಿದವರು. ಖಿನ್ನತೆಯ ಚಿಕಿತ್ಸೆ ಕೊಟ್ಟದ್ದು ಅಮ್ಮಂದಿರಿಗೆ. ಮೂರು ತಿಂಗಳಲ್ಲಿ ಅಮ್ಮ ಗುಣವಾದ ಮನೆಗಳಲ್ಲಿ ಮಕ್ಕಳ ಮಾನಸಿಕ ತೊಂದರೆಗಳೂ ಇಳಿದವು. ಅಮ್ಮ ಗುಣವಾಗದ ಮನೆಗಳಲ್ಲಿ ಏರಿದವು. ಇದನ್ನು ಓದಿದಾಗ ನನಗೆ ನನ್ನ ಕ್ಲಾಸಿನ ಎಷ್ಟೋ ಮುಖಗಳು ನೆನಪಾದವು. ಮಗು ಸರಿಯಿಲ್ಲ, ಯಾರಿಗಾದರೂ ತೋರಿಸಿ ಅಂತ ನಾವು ಟೀಚರ್‌ಗಳು ಹೇಳುತ್ತೇವೆ. ಮಗುವಿನ ಜೊತೆ ಬಂದವಳನ್ನು ನೀನು ಹೇಗಿದ್ದಿ ಅಂತ ಕೇಳುವ ಅಭ್ಯಾಸ ನಮ್ಮಲ್ಲಿ ಇಲ್ಲ.

ಇಷ್ಟನ್ನೂ ಇಟ್ಟುಕೊಂಡು ಆ ಸಂದೇಶವನ್ನು ಮತ್ತೆ ಓದಿ. ತಾಯಂದಿರೇ ನಗುತ್ತಾ ಇರಿ ಅಂತ ಅದು ಹೇಳುವುದು ಅಳು ನಿಲ್ಲಿಸಲು ಆಗದವಳಿಗೆ. ಅದನ್ನು ಓದಿ ಅವಳಿಗೆ ಅಳುವಿನ ಜೊತೆ ಅಪರಾಧದ ಭಾವನೆಯೂ ಸೇರಿಕೊಳ್ಳುತ್ತದೆ. ಆಮೇಲೆ ಅವಳು ಯಾರ ಹತ್ತಿರವೂ ಹೇಳುವುದಿಲ್ಲ. ಹೇಳದಿದ್ದರೆ ತಿಂಗಳುಗಳು ಹೋಗುತ್ತವೆ. ಮಗುವಿಗೆ ತೊಂದರೆ ತರುವುದು ಹೀಗೆ ಕಳೆದುಹೋಗುವ ತಿಂಗಳುಗಳೇ ಅಲ್ವಾ? ಈ ಸಂಶೋಧನೆ ಎಲ್ಲ ಬಾಣಂತಿ ಕೋಣೆಯ ಹೊರಗೆ ಇರುವವರಿಗೆ ಸೇರಿದ್ದು. ಅಮ್ಮ, ಅತ್ತೆ, ಗಂಡ, ನಾದಿನಿ, ಆಶಾ ಕಾರ್ಯಕರ್ತೆ, ಡಾಕ್ಟರ್, ನನ್ನಂಥ ಟೀಚರ್. ಓದಬೇಕಾದವರು ನಾವು.

ನಮ್ಮ ಕಡೆ ಬಾಣಂತನ ಸಣ್ಣ ಕೆಲಸ ಅಲ್ಲ. ಹೆರಿಗೆ ಮಂಗಳೂರಿನಲ್ಲಾಗಲಿ ಕಾಸರಗೋಡಿನಲ್ಲಾಗಲಿ, ತವರಿನಲ್ಲಿ ತಿಂಗಳು ಮುಂಚೆಯೇ ತಯಾರಿ ಶುರು. ಬಚ್ಚಲ ಹಂಡೆಗೆ ಒಣಗಿದ ಕಟ್ಟಿಗೆ, ಗಾಣದ ತೆಂಗಿನೆಣ್ಣೆ, ಮೆಂತೆ, ಓಮ, ಕಾಳುಮೆಣಸು, ಬೆಲ್ಲ, ಲೇಹ್ಯದ ಡಬ್ಬ. ಮೈಗೆ ಎಣ್ಣೆ ತಿಕ್ಕಿ ಬಿಸಿನೀರು ಎರೆಯಲು ಒಬ್ಬ ಹೆಂಗಸು. ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ ಮೀಯಿಸುವ ಅಜ್ಜಿ. ನಲವತ್ತು ದಿನ ಬಾಣಂತಿ ಒಲೆಯ ಹತ್ತಿರ ಹೋಗುವ ಹಾಗಿಲ್ಲ. ನಾನು ಇದನ್ನು ಹಳೆಯ ಕಾಲದ ಗೊಡ್ಡು ಅಂತ ತಳ್ಳುವವಳಲ್ಲ. ಹೆತ್ತವಳಿಗೆ ವಿಶ್ರಾಂತಿ ಕೊಟ್ಟು, ಕೂಸನ್ನು ನಾಲ್ಕು ಕೈಗಳಲ್ಲಿ ಹಂಚಿಕೊಳ್ಳುವ ವ್ಯವಸ್ಥೆ ಎಷ್ಟು ದೇಶಗಳಲ್ಲಿ ಇದೆ? ಒಂದು ಫ್ಲಾಟಿನಲ್ಲಿ ಒಬ್ಬಳೇ ಮಗು ಹಿಡಿದು ಕೂರುವುದರ ಮುಂದೆ ಇದು ದೊಡ್ಡ ಭಾಗ್ಯ.

ಆದರೆ ಇದೆಲ್ಲ ಮೈಗೆ. ಸೊಂಟಕ್ಕೆ ಏನು, ಹಾಲಿಗೆ ಏನು, ಗಾಳಿ ತಾಗದಂತೆ ಕಿವಿಗೆ ಏನು ಅಂತ ನಮಗೆ ಗೊತ್ತು. ಮನಸ್ಸಿಗೆ ಏನು ಅಂತ ಕೇಳಿದರೆ, ನಾವೆಲ್ಲ ಹೆತ್ತಿಲ್ವಾ ಎಂಬ ಮಾತು ಬರುತ್ತದೆ. ನನ್ನ ಚಿಕ್ಕಮ್ಮ ಹೇಳಿದ್ದೂ ಇದನ್ನೇ. ಚಿಕ್ಕಮ್ಮ ಕೆಟ್ಟವರಲ್ಲ. ಮಗಳಿಗಾಗಿ ಅವರು ಮಾಡದ ಕೆಲಸ ಇರಲಿಲ್ಲ, ಬೆಳಗ್ಗೆ ನಾಲ್ಕಕ್ಕೆ ಎದ್ದು ಹಂಡೆಗೆ ಬೆಂಕಿ ಹಾಕುತ್ತಿದ್ದರು. ಮಗಳು ಸುಮ್ಮನೆ ಗೋಡೆ ನೋಡುತ್ತಾ ಕೂರುವುದನ್ನು ಅವರು ನೋಡಿದ್ದರು ಕೂಡ. ಅದಕ್ಕೆ ಏನು ಮಾಡಬೇಕು ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ಅದರ ಮೇಲೆ ನೋಡಲು ಬಂದವರ ಮಾತು. ಹಾಲು ಸಾಕಾಗುದಿಲ್ವಾ, ಕೂಸು ಸೊರಗಿದೆ, ಬಣ್ಣ ಅಪ್ಪನದ್ದಾ. ಹೆದರಿಕೆ, ಒತ್ತಡ ಜಾಸ್ತಿಯಾದರೆ ಎದೆಯಿಂದ ಹಾಲು ಇಳಿಯುವುದಕ್ಕೇ ತಡೆಯಾಗುತ್ತದೆ ಅಂತ ಆ ಬಂದವರಿಗೆ ಗೊತ್ತಿದ್ದರೆ ಅರ್ಧದಷ್ಟು ಮಾತು ಬಾಯಲ್ಲೇ ಉಳಿಯುತ್ತಿತ್ತು.

ಮೀಯಿಸುವ ವಿಷಯ ಬಂದದ್ದಕ್ಕೆ ಇನ್ನೊಂದು ಸಂಗತಿ. 2001ರಲ್ಲಿ ಲಂಡನ್ನಿನ ಒಂದು ಚಿಕ್ಕ ಅಧ್ಯಯನದಲ್ಲಿ ಖಿನ್ನತೆಯಲ್ಲಿದ್ದ ಅಮ್ಮಂದಿರಿಗೆ ಮಗುವಿನ ಮೈ ನೀವುವುದನ್ನು ಕಲಿಸಿದರು. ಕೆಲವು ವಾರಗಳಲ್ಲಿ ಅಮ್ಮ ಮತ್ತು ಮಗು ಒಬ್ಬರಿಗೊಬ್ಬರು ಸ್ಪಂದಿಸುವ ರೀತಿ ಸುಧಾರಿಸಿತು. ನಮ್ಮಲ್ಲಿ ಇದು ಕಲಿಸಬೇಕಾದ ವಿದ್ಯೆಯೇ ಅಲ್ಲ, ಪ್ರತಿ ಮನೆಯಲ್ಲೂ ಉಂಟು. ಆದರೆ ನಮ್ಮಲ್ಲಿ ಮೈ ನೀವುವುದು ಅಜ್ಜಿ ಅಥವಾ ಕೆಲಸಕ್ಕೆ ಬಂದ ಹೆಂಗಸು. ಹೆತ್ತವಳು ಕೋಣೆಯಲ್ಲಿ ಮಲಗಿರುತ್ತಾಳೆ. ಕೂಸಿನ ಆ ಅರ್ಧ ಗಂಟೆ, ಮೈಯೆಲ್ಲ ಸಡಿಲವಾಗಿ ಮುಖ ನೋಡಿ ಆ ಊ ಅನ್ನುವ ಹೊತ್ತು, ಅವಳಿಗೆ ಸಿಗುವುದೇ ಇಲ್ಲ. ಅವಳಿಗೆ ಸಿಗುವುದು ಹಸಿವಿನ ಅಳು ಮತ್ತು ರಾತ್ರಿಯ ಅಳು. ಬೆಳಗ್ಗಿನ ದೊಡ್ಡ ಸ್ನಾನ ಅಜ್ಜಿಯೇ ಮಾಡಿಸಲಿ. ಸಂಜೆ ಸ್ವಲ್ಪ ಎಣ್ಣೆ ಅಂಗೈಗೆ ಹಾಕಿ ಕೂಸನ್ನು ಅಮ್ಮನ ಮಡಿಲಿಗೆ ಕೊಡಿ. ಅವಳಿಗೆ ಆ ದಿನ ಮನಸ್ಸಾಗದಿದ್ದರೆ ಒತ್ತಾಯ ಮಾಡುವುದು ಬೇಡ.

ಗೋವಾ ನಮ್ಮ ಕರಾವಳಿಯದ್ದೇ ಮುಂದುವರಿದ ದಂಡೆ. ಅಲ್ಲಿ ವಿಕ್ರಮ್ ಪಟೇಲ್ ಮತ್ತು ಅವರ ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆರಿಗೆಯಾಗಿ ಆರರಿಂದ ಎಂಟು ವಾರ ಕಳೆದ ತಾಯಂದಿರಲ್ಲಿ ಶೇಕಡಾ 23 ಜನರಿಗೆ ಖಿನ್ನತೆ ಇತ್ತು. ಇಡೀ ದೇಶದ 38 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ 2017ರ ಲೆಕ್ಕವೂ ಹತ್ತಿರ ಹತ್ತಿರ ಅದನ್ನೇ ಹೇಳುತ್ತದೆ, ಶೇಕಡಾ 22. ಐದು ಬಾಣಂತಿಯರಲ್ಲಿ ಒಬ್ಬಳು. ಗೋವಾದಲ್ಲಿ ಇದಕ್ಕೆ ಕಾರಣವಾಗಿ ಕಂಡದ್ದು ಏನು? ಬಡತನ, ಗಂಡನ ಹಿಂಸೆ, ಗಂಡು ಬೇಕಿದ್ದ ಕಡೆ ಹೆಣ್ಣು ಹುಟ್ಟಿದ್ದು. ಇದರಲ್ಲಿ ಯಾವುದು ಬಾಣಂತಿಯ ಕೈಯಲ್ಲಿ ಇದೆ, ಹೇಳಿ. ನೀನು ಗಟ್ಟಿಯಾಗಬೇಕು ಅಂತ ಅವಳಿಗೆ ಬುದ್ಧಿ ಹೇಳುವವರು ಈ ಪಟ್ಟಿಯನ್ನು ಒಮ್ಮೆ ನೋಡಬೇಕು.

ಇದಕ್ಕೆ ಉತ್ತರ ಏನು ಅಂತ ಹುಡುಕುತ್ತಾ ಹೋದಾಗ ನನಗೆ ಅತಿ ಹೆಚ್ಚು ಧೈರ್ಯ ಕೊಟ್ಟದ್ದು ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳ ಕೆಲಸ. ಅತಿಫ್ ರೆಹಮಾನ್ ಎಂಬ ಮನೋವೈದ್ಯರು ಮುಂದೆ ನಿಂತು ಮಾಡಿದ್ದು. ಅಲ್ಲಿ ಮನೋವೈದ್ಯರು ಸಿಗುವುದಿಲ್ಲ, ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ ಮನೆಮನೆಗೆ ಹೋಗುವ ಲೇಡಿ ಹೆಲ್ತ್ ವರ್ಕರ್‌ಗಳು ಇದ್ದಾರೆ. ಅವರಿಗೇ ತರಬೇತಿ ಕೊಟ್ಟು, ಖಿನ್ನತೆಯಲ್ಲಿದ್ದ ಬಸುರಿಯರ ಮನೆಗೆ ಕಳಿಸಿದರು. ಬಸುರಿನ ಕೊನೆಯ ತಿಂಗಳಿನಿಂದ ಹಿಡಿದು ಮಗುವಿಗೆ ಹತ್ತು ತಿಂಗಳಾಗುವವರೆಗೆ ಅವರು ಹೋಗುತ್ತಲೇ ಇದ್ದರು. ಕೂತು ಕೇಳುವುದು, ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿರುವ ಕೆಟ್ಟ ಯೋಚನೆಗಳನ್ನು ಮೆಲ್ಲ ಬಿಡಿಸುವುದು, ಮುಂದಿನ ಭೇಟಿಯವರೆಗೆ ಮಾಡಲು ಸಣ್ಣ ಕೆಲಸ ಕೊಡುವುದು. ಫಲಿತಾಂಶ 2008ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮಗುವಿಗೆ ಆರು ತಿಂಗಳಾಗುವಾಗ, ಈ ಭೇಟಿಗಳು ಸಿಕ್ಕಿದ ತಾಯಂದಿರಲ್ಲಿ ಶೇಕಡಾ 23 ಜನರಿಗೆ ಮಾತ್ರ ಖಿನ್ನತೆ ಉಳಿದಿತ್ತು. ಸಾಮಾನ್ಯ ಭೇಟಿಗಳಷ್ಟೇ ಸಿಕ್ಕಿದವರಲ್ಲಿ ಅದು ಶೇಕಡಾ 53.

ಮಕ್ಕಳ ತೂಕ, ಎತ್ತರದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ಭೇದಿ ಕಡಿಮೆಯಾಯಿತು, ಚುಚ್ಚುಮದ್ದು ಜಾಸ್ತಿ ಮಕ್ಕಳಿಗೆ ಪೂರ್ತಿಯಾಯಿತು. ಅಪ್ಪ ಅಮ್ಮ ಇಬ್ಬರೂ ಮಗುವಿನ ಜೊತೆ ಆಡುವ ಹೊತ್ತು ಹೆಚ್ಚಾಯಿತು. ಅಪ್ಪ ಕೂಡ! ಅವನಿಗೆ ಯಾರೂ ಚಿಕಿತ್ಸೆ ಕೊಟ್ಟಿರಲಿಲ್ಲ.

ಆ ತಂಡ ಮಾಡಿದ ಒಂದು ಉಪಾಯ ನನಗೆ ತುಂಬಾ ಹಿಡಿಸಿತು. ನಿಮ್ಮ ಸೊಸೆಗೆ ಮನಸ್ಸಿನ ಕಾಯಿಲೆ ಅಂತ ಹೇಳಿ ಮನೆಯೊಳಗೆ ಹೋದರೆ ಬಾಗಿಲು ಮುಚ್ಚುತ್ತದೆ. ಅದಕ್ಕೆ ಅವರು ಮಗುವಿನ ಹೆಸರು ಹಿಡಿದು ಹೋದರು. ಮಗು ಚೆನ್ನಾಗಿ ಬೆಳೆಯಬೇಕು, ಅದಕ್ಕೆ ಅಮ್ಮ ಆರೋಗ್ಯವಾಗಿರಬೇಕು, ಅದಕ್ಕೆ ಮನೆಯವರ ಸಹಾಯ ಬೇಕು. ಯಾವ ಅತ್ತೆ ತಾನೇ ಇದಕ್ಕೆ ಬೇಡ ಅನ್ನುತ್ತಾರೆ? ನಮ್ಮ ಕಡೆಯೂ ಇದೇ ನಡೆಯುತ್ತದೆ ಅಂತ ನನಗೆ ಖಂಡಿತ ಅನಿಸುತ್ತದೆ. ಮೊಮ್ಮಗುವಿನ ಹೆಸರು ಹೇಳಿದರೆ ನಮ್ಮ ಅಜ್ಜಿಯಂದಿರು ಏನೂ ಮಾಡಲು ತಯಾರು.

ಅಪ್ಪಂದಿರ ಬಗ್ಗೆ ಸ್ವಲ್ಪ. ನಮ್ಮ ಜಿಲ್ಲೆಯಲ್ಲಿ ಎಷ್ಟು ಮನೆಗಳ ಗಂಡಸರು ಗಲ್ಫ್‌ನಲ್ಲಿ! ಇನ್ನು ಕೆಲವರು ಮುಂಬೈಯಲ್ಲಿ, ಬೆಂಗಳೂರಿನಲ್ಲಿ. ಮಗು ಹುಟ್ಟಿದಾಗ ಹದಿನೈದು ದಿನದ ರಜೆ ಸಿಕ್ಕಿದರೆ ಪುಣ್ಯ. ಆಮೇಲೆ ವಿಡಿಯೋ ಕಾಲ್. ಹೆರಿಗೆಯ ನಂತರ ಅಪ್ಪನಿಗೂ ಖಿನ್ನತೆ ಬರುತ್ತದೆ, ಅದೂ ಮಗುವಿನ ನಡತೆಯಲ್ಲಿ ಕಾಣಿಸುತ್ತದೆ ಅಂತ ಪಾಲ್ ರಾಮ್‌ಚಂದಾನಿ ಅವರ ತಂಡ 2005ರಲ್ಲೇ ತೋರಿಸಿದೆ. ದೂರದಲ್ಲಿರುವ ಗಂಡನಿಗೆ ನನ್ನ ಒಂದೇ ಮಾತು. ಫೋನಿನಲ್ಲಿ ಮಗುವನ್ನು ತೋರಿಸು ಅನ್ನುವ ಮೊದಲು ಅವಳ ಮುಖವನ್ನು ಒಂದು ನಿಮಿಷ ನೋಡಿ. ನಿದ್ದೆ ಬಂತಾ, ಊಟ ರುಚಿಸಿತಾ ಅಂತ ಕೇಳಿ. ಪಕ್ಕದಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಕೇಳಿ.

ಇಲ್ಲಿ ಎಣ್ಮಕಜೆಯನ್ನು ನೆನೆಯದೆ ಮುಂದೆ ಹೋಗಲು ನನಗೆ ಆಗುವುದಿಲ್ಲ. ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಊರುಗಳು ಇವು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಹೀಗೆ ಹನ್ನೊಂದು ಪಂಚಾಯತಿಗಳ ಪಟ್ಟಿ. ಅಲ್ಲಿ ಇವತ್ತಿಗೂ ಅರುವತ್ತು ದಾಟಿದ ಅಮ್ಮಂದಿರು ಮೂವತ್ತು ವರ್ಷದ ಮಗನನ್ನು ಎತ್ತಿ ಮೀಯಿಸುತ್ತಾರೆ, ತುತ್ತು ಮಾಡಿ ಉಣಿಸುತ್ತಾರೆ. ಅವರ ಬಾಣಂತನ ಮುಗಿಯಲೇ ಇಲ್ಲ. ಪರಿಹಾರ, ಪಿಂಚಣಿ, ಮದ್ದಿನ ಹಣ ಎಲ್ಲದಕ್ಕೂ ಹೋರಾಟ ನಡೆಯಿತು, ನಡೆಯಲೇಬೇಕಿತ್ತು. ಆ ಹೋರಾಟದ ಪಂದಲಿನಲ್ಲಿ ಮಗುವನ್ನು ಮಡಿಲಲ್ಲಿ ಇಟ್ಟು ಕೂತವರೂ ಈ ಅಮ್ಮಂದಿರೇ. ನನ್ನ ಹತ್ತಿರ ಕಲಿಯಲು ಬಂದ ಒಂದು ಮಗುವಿಗೆ ಅಂಥ ಅಣ್ಣ ಇದ್ದ. ಮಗು ಕ್ಲಾಸಿನಲ್ಲಿ ಒಂದು ದಿನವೂ ಹಟ ಮಾಡಿದ್ದಿಲ್ಲ, ಏನೂ ಕೇಳಿದ್ದಿಲ್ಲ. ಎಷ್ಟು ಪಾಪದ ಮಗು ಅಂತ ಎಲ್ಲರೂ ಹೊಗಳುತ್ತಿದ್ದರು. ನಾಲ್ಕು ವರ್ಷದ ಮಗು ಅಷ್ಟು ಪಾಪ ಇರಬಾರದು. ಅಮ್ಮನಿಗೆ ಇನ್ನೊಂದು ಭಾರ ಆಗಬಾರದು ಅಂತ ಅದು ಅಷ್ಟು ಬೇಗ ಕಲಿತಿತ್ತು.

ಇನ್ನು ಆಸ್ಪತ್ರೆಯ ಕಡೆ. ಕೇರಳದಲ್ಲಿ ಸ್ತ್ರೀರೋಗ ತಜ್ಞರ ಸಂಘ 2004ರಿಂದ ರಾಜ್ಯದ ತಾಯಿ ಮರಣಗಳ ಕಾರಣವನ್ನು ಗುಟ್ಟಾಗಿ, ಯಾರನ್ನೂ ದೂರದೆ ಪರಿಶೀಲಿಸುತ್ತಾ ಬಂದಿದೆ. ರಕ್ತಸ್ರಾವ, ರಕ್ತದೊತ್ತಡದಂಥ ಕಾರಣಗಳನ್ನು ಹಿಡಿದು ತಡೆಯುತ್ತಾ ಬಂದ ಹಾಗೆ, ಇನ್ನೊಂದು ಕಾರಣ ಮೇಲೆ ಬಂದು ಕಾಣಿಸತೊಡಗಿತು. ಆತ್ಮಹತ್ಯೆ. ಹೆರಿಗೆಗೆ ಇಷ್ಟು ಒಳ್ಳೆಯ ಸೌಕರ್ಯ ಇರುವ ರಾಜ್ಯದಲ್ಲಿ! ಅಮ್ಮಂದಿರ ಮನಸ್ಸನ್ನು ಗಮನಿಸುವ 'ಅಮ್ಮ ಮನಸ್ಸ್' ಎಂಬ ಕಾರ್ಯಕ್ರಮ ಕೇರಳದಲ್ಲಿ ಇದೆ, ಆರೋಗ್ಯ ಕಾರ್ಯಕರ್ತೆಯರಿಗೆ ಅದರಲ್ಲಿ ತರಬೇತಿಯೂ ಸಿಗುತ್ತದೆ. ಒಳ್ಳೆಯ ಕೆಲಸ. ಆದರೆ ಗಡಿಯ ನಮ್ಮ ಹಳ್ಳಿಗಳಲ್ಲಿ ಅದು ಬಾಣಂತಿಯ ಮಂಚದವರೆಗೆ ತಲುಪಬೇಕಾದರೆ ಭಾಷೆಯ ಕಾಲುಸಂಕ ದಾಟಬೇಕು. ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಠಿ ಅಥವಾ ಬ್ಯಾರಿ. ಶಾಲೆಯಲ್ಲಿ ಕಲಿತದ್ದು ಕನ್ನಡ. ಆಸ್ಪತ್ರೆಯಲ್ಲಿ ಮಲಯಾಳಂ. ಅಕ್ಕಿ ಕೇಳಲು, ಬಸ್ ಕೇಳಲು ನಮಗೆಲ್ಲ ಮಲಯಾಳಂ ಬರುತ್ತದೆ. ಸಾಯಬೇಕು ಅನಿಸುತ್ತದೆ ಅಂತ ಹೇಳಲು ಮನೆಯ ಭಾಷೆಯೇ ಬೇಕು.

ಕೇಳುವುದಕ್ಕೆ ಸಾಧನ ಇಲ್ಲ ಅಂತಲ್ಲ. 1987ರಲ್ಲಿ ಜಾನ್ ಕಾಕ್ಸ್ ಮತ್ತು ಸಂಗಡಿಗರು ಎಡಿನ್‌ಬರೋದಲ್ಲಿ ಮಾಡಿದ ಹತ್ತು ಪ್ರಶ್ನೆಗಳ ಪಟ್ಟಿಯನ್ನು ಈಗ ಲೋಕದೆಲ್ಲೆಡೆ ಬಳಸುತ್ತಾರೆ. ಕಳೆದ ಏಳು ದಿನಗಳಲ್ಲಿ ನಗಲು ಆಯಿತಾ, ಕಾರಣ ಇಲ್ಲದೆ ಹೆದರಿಕೆ ಆಯಿತಾ, ಸುಮ್ನೆ ನಿನ್ನನ್ನೇ ನೀನು ದೂರಿಕೊಂಡೆಯಾ, ಬೇಸರಕ್ಕೆ ನಿದ್ದೆ ಹೋಯಿತಾ. ಕೊನೆಯದು, ನಿನಗೇ ನೀನು ಏನಾದರೂ ಮಾಡಿಕೊಳ್ಳುವ ಯೋಚನೆ ಬಂತಾ. ಐದು ನಿಮಿಷದ ಕೆಲಸ. ಕನ್ನಡದಲ್ಲಿ ಕರ್ನಾಟಕದ ಹಳ್ಳಿಯ ಬಸುರಿಯರಿಗೆ ಇದನ್ನು ಬಳಸಿ ನೋಡಿದ ಅಧ್ಯಯನ 2011ರಲ್ಲೇ ಬಂದಿದೆ. ಇದು ಕಾಯಿಲೆಯನ್ನು ತೀರ್ಮಾನಿಸುವ ಪರೀಕ್ಷೆ ಅಲ್ಲ, ಯಾರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು ಅಂತ ಹೇಳುವ ಜರಡಿ ಅಷ್ಟೇ. ಕೊನೆಯ ಪ್ರಶ್ನೆಗೆ ಹೌದು ಅಂದರೆ ಮಾತ್ರ ಅಂಕ ಲೆಕ್ಕ ಹಾಕುತ್ತಾ ಕೂರಬಾರದು, ಆ ದಿನವೇ ಸಹಾಯ ಬೇಕು.

ನನ್ನ ತಂಗಿಗೆ ಈ ಪ್ರಶ್ನೆಗಳನ್ನು ಯಾರೂ ಕೇಳಿರಲಿಲ್ಲ. ಮಗುವಿನ ಚುಚ್ಚುಮದ್ದಿಗೆ ಹೋದಾಗ ಅವಳೇ ಹೇಳಿದ್ದಳು, ಮಗು ಮಲಗಿದರೂ ನನಗೆ ನಿದ್ದೆ ಬರುವುದಿಲ್ಲ ಅಂತ. ಎಲ್ಲರಿಗೂ ಹಾಗೇ, ಮಗುವಿನ ಮುಖ ನೋಡಿ ಖುಷಿಪಡಿ ಅಂತ ಉತ್ತರ ಬಂತು. ಆಮೇಲೆ ನಾವು ಬೇರೆ ಡಾಕ್ಟರ ಹತ್ತಿರ ಹೋದೆವು. ಅವರು ಮೊದಲು ರಕ್ತ ಪರೀಕ್ಷೆ ಮಾಡಿಸಿದರು. ಹೆರಿಗೆಯ ನಂತರ ಥೈರಾಯ್ಡ್ ಏರುಪೇರಾದರೂ, ರಕ್ತ ಕಡಿಮೆಯಾದರೂ ಇಂಥದ್ದೇ ಸುಸ್ತು, ಬೇಸರ ಬರುತ್ತದೆ. ಅದೆಲ್ಲ ಸರಿ ಇತ್ತು. ಎದೆಹಾಲು ಕೊಡುತ್ತಲೇ ತೆಗೆದುಕೊಳ್ಳಬಹುದಾದ ಮದ್ದು ಬರೆದರು, ಒಬ್ಬ ಆಪ್ತ ಸಮಾಲೋಚಕಿಯ ಹತ್ತಿರ ಕಳಿಸಿದರು. ಜೊತೆಗೆ ಚಿಕ್ಕಮ್ಮನನ್ನು ಒಳಗೆ ಕರೆದು ಒಂದು ಕೆಲಸ ಹೇಳಿದರು. ರಾತ್ರಿ ನಾಲ್ಕೈದು ಗಂಟೆ ಎಡೆಬಿಡದೆ ಇವಳು ಮಲಗಬೇಕು, ಆ ಹೊತ್ತು ಮಗು ನಿಮ್ಮದು, ಹಿಂಡಿಟ್ಟ ಹಾಲು ಕೊಡಿ ಅಂತ. ಚಿಕ್ಕಮ್ಮ ಅದನ್ನು ವ್ರತದ ಹಾಗೆ ಮಾಡಿದರು. ಮನೆಯವರಿಗೆ ಹೇಳಿಕೊಟ್ಟರೆ ಮನೆಯವರು ಮಾಡುತ್ತಾರೆ. ತಂಗಿ ಸುಧಾರಿಸಲು ವಾರಗಳೇ ಬೇಕಾದವು. ಮಗು ಈಗ ನಡೆಯಲು ಕಲಿತಿದ್ದಾನೆ, ಮನೆಯ ನಾಯಿಯ ಬಾಲ ಬಿಡುವುದಿಲ್ಲ.

ಎಲ್ಲ ಅಳುವೂ ಕಾಯಿಲೆ ಅಲ್ಲ, ಅದನ್ನೂ ಹೇಳಬೇಕು. ಹೆತ್ತ ಮೂರು ನಾಲ್ಕನೇ ದಿನ ಸುಮ್ಮಸುಮ್ಮನೆ ಅಳು ಬರುವುದು ಅರ್ಧಕ್ಕಿಂತ ಹೆಚ್ಚು ಜನರಿಗೆ ಆಗುತ್ತದೆ, ಎರಡು ವಾರದೊಳಗೆ ತಾನೇ ಹೋಗುತ್ತದೆ. ಎರಡು ವಾರ ದಾಟಿದರೆ ಕೇಳಬೇಕು. ಇನ್ನೊಂದು ಅಪರೂಪದ್ದು, ಸಾವಿರ ಹೆರಿಗೆಗಳಲ್ಲಿ ಒಂದೆರಡು, ನಮ್ಮ ಹಿರಿಯರು ಬಾಣಂತಿ ಸನ್ನಿ ಅನ್ನುತ್ತಿದ್ದದ್ದು. ಹೆತ್ತ ಕೆಲವೇ ದಿನಗಳಲ್ಲಿ ನಿದ್ದೆ ಪೂರ್ತಿ ಹೋಗುತ್ತದೆ, ಸಂಬಂಧವಿಲ್ಲದ ಮಾತು, ಇಲ್ಲದ ದನಿ ಕೇಳುವುದು, ಮಗುವಿನ ಬಗ್ಗೆ ವಿಚಿತ್ರ ಸಂಶಯ. ಇದು ತುರ್ತು. ನಾಳೆ ನೋಡುವ, ಹರಕೆ ಹೇಳಿಕೊಳ್ಳುವ ಅಂತ ಕಾಯುವ ವಿಷಯ ಅಲ್ಲ. ಹರಕೆಯೂ ಇರಲಿ, ಗಾಡಿ ಮಾತ್ರ ಆಸ್ಪತ್ರೆಗೆ ಹೋಗಲಿ. ಸರಿಯಾದ ಚಿಕಿತ್ಸೆ ಸಿಕ್ಕಿದರೆ ಇದು ಚೆನ್ನಾಗಿ ಗುಣವಾಗುತ್ತದೆ. ಆಸ್ಪತ್ರೆಗೆ ಸೇರಿಸಿದರೆ ಮಗುವನ್ನು ಕಿತ್ತುಕೊಳ್ಳುತ್ತಾರೆ ಅಂತ ಹೆದರುವವರು ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಸೆಕ್ಷನ್ನಿನ ಪ್ರಕಾರ ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡುವಂತಿಲ್ಲ. ಮಗುವಿಗೆ ಅಪಾಯ ಇದೆ ಅನಿಸಿದರೆ ಮಾತ್ರ, ಅದೂ ಸ್ವಲ್ಪ ಕಾಲಕ್ಕೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅಮ್ಮ ಮತ್ತು ಕೂಸನ್ನು ಒಟ್ಟಿಗೇ ಇಟ್ಟುಕೊಂಡು ನೋಡುವ ವಿಭಾಗ 2009ರಿಂದ ಇದೆ. ಡಾ. ಪ್ರಭಾ ಚಂದ್ರ ಅವರ ಮುಂದಾಳ್ತನದಲ್ಲಿ ಕಟ್ಟಿದ್ದು. ಅಂಥದ್ದು ಗಡಿ ದಾಟದೆ, ನಮ್ಮ ಜಿಲ್ಲೆಯೊಳಗೇ ಸಿಗಬೇಕು. 2020ರಲ್ಲಿ ಕೊರೋನಾ ಹೊತ್ತಿಗೆ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿ ಮಂಗಳೂರಿನ ಆಸ್ಪತ್ರೆಗಳು ನಮಗೆ ಇಲ್ಲವಾದ ದಿನಗಳನ್ನು ಇಲ್ಲಿ ಯಾರೂ ಮರೆತಿಲ್ಲ.

ಮೊದಲ ಮಾತಿಗೆ ಒಂದು ಫೋನ್ ಸಾಕು. ಟೆಲಿ ಮಾನಸ್, 14416. ಸರಕಾರದ್ದು, ಹಣ ಕೊಡಬೇಕಾಗಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೂ ಮಾತಾಡಬಹುದು. ಬಾಣಂತಿಯೇ ಮಾಡಬೇಕು ಅಂತ ಇಲ್ಲ. ಏನು ಮಾಡಬೇಕು ಅಂತ ಗೊತ್ತಾಗದ ಅಮ್ಮ, ಗಂಡ ಯಾರು ಬೇಕಾದರೂ ಮಾಡಬಹುದು.

ಕೂಸಿಗೆ ಆರು, ಹತ್ತು, ಹದಿನಾಲ್ಕು ವಾರಕ್ಕೆ ಚುಚ್ಚುಮದ್ದು ಇರುತ್ತದೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಬೆಂಚಿನಲ್ಲಿ ಆ ದಿನ ಹತ್ತು ಹದಿನೈದು ಅಮ್ಮಂದಿರು ಕೂತಿರುತ್ತಾರೆ. ಮಗುವನ್ನು ತೂಗುತ್ತಾರೆ, ಕಾರ್ಡಿನಲ್ಲಿ ಬರೆಯುತ್ತಾರೆ. ಆ ಮೂರು ದಿನಗಳಲ್ಲಿ ಅಮ್ಮನಿಗೂ ಆ ಹತ್ತು ಪ್ರಶ್ನೆ ಕೇಳಿ, ಕನ್ನಡದ ಹಾಳೆಯೂ ಇರಲಿ, ತುಳುವಿನಲ್ಲಿ ಓದಿ ಹೇಳುವ ಆಶಾ ಒಬ್ಬರು ಪಕ್ಕದಲ್ಲಿ ಇರಲಿ ಅಂತ ನಾವು ಕೆಲವು ಟೀಚರ್‌ಗಳು ಪಂಚಾಯತಿಗೆ ಬರೆದುಕೊಡುತ್ತಿದ್ದೇವೆ. ಜೂನಿನ ಮದರ್ ಪಿಟಿಎಗೆ, ಅಂದರೆ ಶಾಲೆಯ ಅಮ್ಮಂದಿರ ಸಭೆಗೆ, ಈ ಸಲ ಅಜ್ಜಿಯಂದಿರನ್ನೂ ಕರೆಯುತ್ತಿದ್ದೇವೆ, ಊರಲ್ಲಿ ಇರುವ ಅಪ್ಪಂದಿರನ್ನೂ. ನನ್ನ ಕ್ಲಾಸಿನ ಮಕ್ಕಳಲ್ಲಿ ಎಷ್ಟೋ ಜನರ ಮನೆಯಲ್ಲಿ ತೊಟ್ಟಿಲಲ್ಲಿ ಇನ್ನೊಂದು ಕೂಸು ಉಂಟು.